ಹಂಚು ತಾನೇ ಒಡೆಯಿತೇ?

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನ ಪರಿಚಯಕ್ಕೆ ಹದಿನೈದು ನಿಮಿಷ ತೆಗೆದುಕೊಂಡರು. ಅದನ್ನು ನನ್ನ ಲೆಕ್ಕದಲ್ಲಿ ಕಳೆಯಬೇಡಿ ಎಂದು ಸಂಘಟಕರಲ್ಲಿ ಮೊದಲೇ ಕೇಳಿಕೊಳ್ಳುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ವಿಷಯ ‘ಇರಾಕ್ ಯುದ್ಧ ಮತ್ತು ನಾಯಕರ ಉತ್ತರದಾಯಿತ್ವ’ ಅಂತಿದೆ. ಈ ಉತ್ತರದಾಯಿತ್ವ ಅನ್ನುವ ಪದ ಕಿವಿಗೆ ಬಿದ್ದರೆ ನನಗೇ ತೂಕಡಿಕೆ ಬರುತ್ತದೆ. ಅದಕ್ಕೇ ಹಂಚಿನಿಂದ ಶುರು ಮಾಡುತ್ತೇನೆ.

ಐದನೇ ಕ್ಲಾಸಿನಲ್ಲಿದ್ದಾಗ ಮಾವಿನಕಾಯಿಗೆ ಬೀಸಿದ ಕಲ್ಲು ಪಕ್ಕದ ಮನೆಯ ಮೇಲೆ ಬಿತ್ತು. ಒಳ್ಳೆ ಮಂಗಳೂರು ಹಂಚು, ಎರಡು ಹೋದವು. ಸಂಜೆ ಅಪ್ಪ ಕೇಳಿದರು, ‘ಏನಾಯ್ತೋ?’ ‘ಹಂಚು ಒಡೀತು.’ ‘ಹೇಗೆ ಒಡೀತು?’ ‘ಕಲ್ಲು ಬಿತ್ತು.’ ‘ಕಲ್ಲು ಎಲ್ಲಿಂದ ಬಿತ್ತು?’ ‘ಮೇಲಿಂದ.’ ನನ್ನಪ್ಪ ಕನ್ನಡ ಮೇಷ್ಟ್ರು. ‘ಮೂರು ವಾಕ್ಯ ಹೇಳಿದೆಯಲ್ಲ, ಕರ್ತೃ ಎಲ್ಲಿ?’ ಅಂದರು. ಬೆತ್ತ ಹಿಡಿದದ್ದು ಹಂಚಿಗಾಗಿ ಅಂತ ಅಮ್ಮ ತಿಳಿದಿದ್ದಳು. ವ್ಯಾಕರಣಕ್ಕಾಗಿ ಅಂತ ನನಗೆ ಗೊತ್ತಿತ್ತು.

‘ಒಡೆ’ ಅನ್ನುವ ಧಾತುವಿನ ಚಮತ್ಕಾರ ನೋಡಿ. ಹಂಚು ಒಡೆಯಿತು, ಹಂಚು ಒಡೆದೆ. ಧಾತು ಒಂದೇ. ಕೊನೆಯ ಪ್ರತ್ಯಯದಲ್ಲಿ ಇಡೀ ನ್ಯಾಯ ಕೂತಿದೆ. ಕಳೆದ ಇಪ್ಪತ್ತು ವರ್ಷದಿಂದ ಯುದ್ಧದ ಬಗ್ಗೆ ನಾಯಕರು ಆಡಿದ ಮಾತು ಓದುವಾಗಲೆಲ್ಲ ನಾನು ಹುಡುಕುವುದು ಆ ಪ್ರತ್ಯಯವನ್ನು.

2007ರ ಜನವರಿ 10. ಇರಾಕಿಗೆ ಇನ್ನೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸುತ್ತೇವೆ ಎಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಟೀವಿಯಲ್ಲಿ ಹೇಳಿದ ದಿನ. ‘ಎಲ್ಲೆಲ್ಲಿ ತಪ್ಪುಗಳಾಗಿವೆಯೋ ಅದರ ಹೊಣೆ ನನ್ನದು’ ಅಂದರು. ಕೇಳಲಿಕ್ಕೆ ಎಷ್ಟು ಗಂಭೀರವಾಗಿದೆ! ತಪ್ಪುಗಳು ಆಗಿವೆ, ಮಳೆ ಆದ ಹಾಗೆ, ಬೆಳೆ ಆದ ಹಾಗೆ. ಹೊಣೆ ಹೊತ್ತರು, ಸರಿ. ಮಾಡಿದವರು ಯಾರು ಅನ್ನುವುದು ಆ ವಾಕ್ಯದಲ್ಲಿ ಇಲ್ಲ. ಆದರೂ ಅದು ಅವರ ಮಟ್ಟಿಗೆ ದೊಡ್ಡ ಪ್ರಗತಿಯೇ. 2004ರ ಏಪ್ರಿಲ್‌ನಲ್ಲಿ ಪತ್ರಕರ್ತರೊಬ್ಬರು ‘ನಿಮ್ಮ ಅತಿ ದೊಡ್ಡ ತಪ್ಪು ಯಾವುದು?’ ಎಂದು ಕೇಳಿದ್ದಕ್ಕೆ, ‘ಈ ಪ್ರಶ್ನೆಯನ್ನು ಮೊದಲೇ ಬರೆದು ಕೊಟ್ಟಿದ್ದರೆ ಚೆನ್ನಾಗಿತ್ತು’ ಅಂದಿದ್ದ ಮನುಷ್ಯ. ಔಟ್ ಆಫ್ ಸಿಲಬಸ್! ಇಲ್ಲಿ ಕೂತಿರುವ ಮೇಷ್ಟ್ರುಗಳಿಗೆ ಈ ಉತ್ತರ ಹೊಸದಲ್ಲ.

ಇನ್ನೊಂದು ಇದಕ್ಕಿಂತ ಸೊಗಸಾಗಿದೆ. ಅಮೆರಿಕ ಮತ್ತು ಬ್ರಿಟನ್ನಿನ ದಾಳಿಗೆ ಬಾಗ್ದಾದ್ ಬಿದ್ದ ಮೇಲೆ, ಅಮೆರಿಕದ ಪರವಾಗಿ ಆಡಳಿತ ನಡೆಸಲು ಹೋದ ಪಾಲ್ ಬ್ರೆಮರ್ 2003ರ ಮೇ ತಿಂಗಳಲ್ಲಿ ಎರಡು ಆದೇಶ ಹೊರಡಿಸಿದರು. ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲಿನ ಹಂತದವರನ್ನೆಲ್ಲ ಸರ್ಕಾರಿ ಕೆಲಸದಿಂದ ತೆಗೆಯುವುದು ಮೊದಲನೆಯದು. ಎರಡನೆಯದು ಇರಾಕಿ ಸೇನೆಯ ವಿಸರ್ಜನೆ. ಲಕ್ಷಗಟ್ಟಲೆ ಗಂಡಸರು, ಕೈಯಲ್ಲಿ ಬಂದೂಕು, ಜೇಬಿನಲ್ಲಿ ಸಂಬಳವಿಲ್ಲ. ಮುಂದೆ ಏನಾಯಿತೆಂದು ನಿಮಗೆ ಗೊತ್ತು. 2007ರಲ್ಲಿ, ತಮ್ಮ ಬಗ್ಗೆ ಪುಸ್ತಕ ಬರೆಯುತ್ತಿದ್ದವರು ಇದನ್ನು ಕೆದಕಿದಾಗ ಬುಷ್ ಹೇಳಿದ್ದು: ಸೇನೆಯನ್ನು ಹಾಗೇ ಉಳಿಸಿಕೊಳ್ಳುವುದು ನಮ್ಮ ನೀತಿಯಾಗಿತ್ತು, ಅದು ಆಗಲಿಲ್ಲ. ಅಷ್ಟೇ. ಆಗಲಿಲ್ಲ! ಬ್ರೆಮರ್ ಸುಮ್ಮನಿರಲಿಲ್ಲ. ಸೇನೆಯನ್ನು ವಿಸರ್ಜಿಸುತ್ತೇನೆ ಎಂದು ತಾವು ಅಧ್ಯಕ್ಷರಿಗೆ ಬರೆದ ಪತ್ರವನ್ನೂ, ಅಧ್ಯಕ್ಷರು ಬೆನ್ನು ತಟ್ಟಿ ಬರೆದ ಉತ್ತರವನ್ನೂ ಪತ್ರಿಕೆಯವರ ಕೈಗೆ ಕೊಟ್ಟರು. ಹಂಚು ತಾನಾಗಿ ಒಡೆದಿರಲಿಲ್ಲ. ಕಲ್ಲಿನ ರಸೀದಿ ಇತ್ತು.

ಯುದ್ಧದ ಹೊತ್ತಿಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ವ್ಯಾಕರಣದಲ್ಲಿ ಬುಷ್‌ಗಿಂತ ಗಟ್ಟಿ, ವಕೀಲರಲ್ಲವೇ. 2015ರಲ್ಲಿ ಅಮೆರಿಕದ ಟೀವಿಯಲ್ಲಿ ಕ್ಷಮೆ ಕೇಳಿದರು. ಯಾವುದಕ್ಕೆ? ಇರಾಕಿನ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂದು ನಮಗೆ ಬಂದ ಗುಪ್ತಚರ ಮಾಹಿತಿ ತಪ್ಪಾಗಿತ್ತು ಅನ್ನುವುದಕ್ಕೆ. ಪಕ್ಕದ ಮನೆಯವರ ತಪ್ಪಿಗೆ ನಾನು ಕ್ಷಮೆ ಕೇಳಿದ ಹಾಗೆ. ಮರುವರ್ಷ ಜುಲೈ 6ಕ್ಕೆ ಬ್ರಿಟನ್ ಇರಾಕ್ ಯುದ್ಧಕ್ಕೆ ಇಳಿದದ್ದರ ಬಗ್ಗೆ ಸರ್ ಜಾನ್ ಚಿಲ್ಕಾಟ್ ಅವರ ವಿಚಾರಣಾ ವರದಿ ಹೊರಬಂತು. 12 ಸಂಪುಟ, 26 ಲಕ್ಷ ಪದ. ವರ್ಷದಲ್ಲಿ ಮುಗಿಸುತ್ತೇವೆ ಎಂದು 2009ರಲ್ಲಿ ಘೋಷಿಸಿದ್ದು ಏಳು ವರ್ಷ ಹಿಡಿಯಿತು. ಸಮಿತಿಯ ಸದಸ್ಯರೊಬ್ಬರು, ಇತಿಹಾಸಕಾರ ಮಾರ್ಟಿನ್ ಗಿಲ್ಬರ್ಟ್, ವರದಿ ನೋಡದೆಯೇ ತೀರಿಕೊಂಡರು. ಆದರೂ ಬಂದದ್ದು ಮೊಂಡು ವರದಿಯಲ್ಲ. ಶಾಂತಿಯ ದಾರಿಗಳು ಇನ್ನೂ ತೆರೆದಿರುವಾಗಲೇ ಬ್ರಿಟನ್ ದಾಳಿಗೆ ಸೇರಲು ಆರಿಸಿಕೊಂಡಿತು, ಆ ಹೊತ್ತಿಗೆ ಯುದ್ಧ ಕೊನೆಯ ಉಪಾಯವಾಗಿರಲಿಲ್ಲ ಎಂದಿತು. ‘ಆರಿಸಿಕೊಂಡಿತು’, ಇದು ಕರ್ತೃ ಇರುವ ವಾಕ್ಯ. ಗಲಭೆ, ಒಳಜಗಳ, ಇರಾನಿನ ಕೈವಾಡ, ಅಲ್‌ಖೈದಾ, ಇವೆಲ್ಲ ಆಮೇಲೆ ತಿಳಿದದ್ದು ಎಂಬ ವಾದವನ್ನೂ ಒಪ್ಪಲಿಲ್ಲ. ದಾಳಿಗೆ ಮುಂಚೆಯೇ ಇವನ್ನು ಹೆಸರಿಟ್ಟು ಗುರುತಿಸಲಾಗಿತ್ತು ಎಂದಿತು. 2002ರ ಜುಲೈಯಲ್ಲೇ ಬ್ಲೇರ್ ಬುಷ್‌ಗೆ ಬರೆದಿದ್ದ ಚೀಟಿಯೂ ಹೊರಬಂತು: ‘ಏನೇ ಆಗಲಿ, ನಾನು ನಿಮ್ಮ ಜೊತೆಗಿರುತ್ತೇನೆ.’ ಮದುವೆ ಮಂಟಪದಲ್ಲಿ ಆಡುವ ಮಾತು!

ಅದೇ ದಿನ ಬ್ಲೇರ್ ಸುಮಾರು ಎರಡು ಗಂಟೆ ಪತ್ರಕರ್ತರ ಮುಂದೆ ನಿಂತರು. ದನಿ ಒಡೆದಿತ್ತು, ಮುಖ ಬಾಡಿತ್ತು. ನೀವು ಊಹಿಸಲಾರದಷ್ಟು ದುಃಖ, ವಿಷಾದ, ಕ್ಷಮಾಯಾಚನೆ ನನ್ನಲ್ಲಿದೆ ಅಂದರು. ಅದು ನಾಟಕ ಅಂತ ನಾನು ಹೇಳಲಾರೆ. ಆದರೆ ಅದೇ ಉಸಿರಿನಲ್ಲಿ, ಮತ್ತೆ ಅದೇ ಸ್ಥಾನದಲ್ಲಿ, ಅದೇ ಮಾಹಿತಿಯೊಂದಿಗೆ ನಿಂತರೆ ಅದೇ ನಿರ್ಧಾರ ಮಾಡುತ್ತೇನೆ ಎಂದರು. ಬ್ರಿಟನ್ನಿನ 179 ಸೈನಿಕರು ಸತ್ತಿದ್ದರು. 2009ರ ಹೊತ್ತಿಗೆ ಇರಾಕಿನಲ್ಲಿ ಸತ್ತವರು ಕನಿಷ್ಠ ಒಂದೂವರೆ ಲಕ್ಷ, ಬಹುಶಃ ಇನ್ನೂ ಎಷ್ಟೋ ಹೆಚ್ಚು, ಬಹುಪಾಲು ನಾಗರಿಕರು. ಈ ಲೆಕ್ಕವೂ ಚಿಲ್ಕಾಟ್ ಅವರದೇ.

ಇಲ್ಲಿ ನೂರು ವರ್ಷ ಹಿಂದೆ ಹೋಗಬೇಕು. ಇದು ನನ್ನ ಖಾಯಿಲೆ ಅಂತ ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಎಲ್ಲಿಂದ ಹೊರಟರೂ ಕುತ್‌ಗೆ ಬಂದು ನಿಲ್ಲುತ್ತೇನೆ. ಅದೇ ಇರಾಕ್, ಅದೇ ಟೈಗ್ರಿಸ್ ನದಿ, ಅದರ ದಡದ ಊರು ಕುತ್. ಮೊದಲನೇ ಮಹಾಯುದ್ಧದಲ್ಲಿ, 1914ರ ನವೆಂಬರಿನಲ್ಲಿ, ತುರ್ಕರಿಂದ ಬಸ್ರಾ ಹಿಡಿದದ್ದು ಭಾರತದಿಂದ ಹೋದ ಸೈನ್ಯ, ನಡೆಸಿದ್ದು ಬ್ರಿಟಿಷರ ಭಾರತ ಸರ್ಕಾರ. ಎಣ್ಣೆ ಕೊಳವೆ ಕಾಯಲಿಕ್ಕೆ ಅಂತ ಹೋದವರಿಗೆ ಬಾಗ್ದಾದ್ ಕಣ್ಣಿಗೆ ಬಿತ್ತು. ಜನರಲ್ ಟೌನ್‌ಶೆಂಡ್ ಅವರ ಆರನೇ ಪೂನಾ ಡಿವಿಜನ್ ಬಾಗ್ದಾದಿನ ಹೊಸ್ತಿಲವರೆಗೆ, ಟೆಸಿಫಾನ್‌ವರೆಗೆ ಹೋಗಿ ಪೆಟ್ಟು ತಿಂದು ಕುತ್‌ಗೆ ಹಿಮ್ಮೆಟ್ಟಿತು. ಇವತ್ತು ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲಘು ಪದಾತಿ ದಳದ ಆಗಿನ ಪಲ್ಟಣುಗಳೂ ಅದರಲ್ಲಿದ್ದವು.

ಆ ಟೆಸಿಫಾನ್ ಗಾಯಾಳುಗಳ ಕಥೆ ಕೇಳಿ. ಅವರನ್ನು ನದಿಯಲ್ಲಿ ಬಸ್ರಾಕ್ಕೆ ಸಾಗಿಸಿದ್ದು ಸಾಮಾನು, ಕುದುರೆ ಸಾಗಿಸುವ ದೋಣಿಗಳಲ್ಲಿ. ಬಸ್ರಾದಲ್ಲಿ ಮೇಜರ್ ಕಾರ್ಟರ್ ಅನ್ನುವ ಇಂಡಿಯನ್ ಮೆಡಿಕಲ್ ಸರ್ವಿಸಿನ ಡಾಕ್ಟರು ಆಸ್ಪತ್ರೆ ಹಡಗಿನ ಮೇಲೆ ನಿಂತಿದ್ದರು. ಮೆಜಿದಿಯೆ ಎಂಬ ಸ್ಟೀಮರು ಬರುತ್ತಿದೆ. ಅದರ ಪಕ್ಕದಿಂದ ಹಗ್ಗಗಳು ನೇತುಬಿದ್ದಿವೆ ಅನ್ನಿಸಿತಂತೆ. ಹತ್ತಿರ ಬಂದಾಗ ನೋಡಿದರೆ ಅದು ಮಲ. ಮೈಮೇಲೆ ಗಾಯ, ಹೊಟ್ಟೆಯಲ್ಲಿ ಆಮಶಂಕೆ, ಮಿಸುಕಾಡಲು ಜಾಗವಿಲ್ಲದ ಜನ ದಿನಗಟ್ಟಲೆ ಬಿದ್ದಲ್ಲೇ ಬಿದ್ದು, ಹಡಗಿನ ಅಂಚಿನಿಂದ ಇಳಿದು ಒಣಗಿದ್ದು ಹಗ್ಗವಾಗಿ ಕಂಡಿತ್ತು. ಕಾರ್ಟರ್ ಇದನ್ನು ಮೇಲಿನವರಿಗೆ ವರದಿ ಮಾಡಿದರು. ಸಿಕ್ಕಿದ್ದೇನು? ಬೈಗುಳ. ಬಾಯಿ ಮುಚ್ಚದಿದ್ದರೆ ಬಂಧಿಸುತ್ತೇವೆ, ಹಡಗನ್ನು ಕಿತ್ತುಕೊಳ್ಳುತ್ತೇವೆ ಎಂಬ ಬೆದರಿಕೆ. ಅದೇ ದಿನಗಳಲ್ಲಿ ಅಲ್ಲಿಂದ ಹೋದ ತಂತಿ ಏನು ಹೇಳಿತ್ತು ಗೊತ್ತೇ? ಇಂಥ ಕಷ್ಟದ ಪರಿಸ್ಥಿತಿಯಲ್ಲೂ ವೈದ್ಯಕೀಯ ಏರ್ಪಾಡು ಅದ್ಭುತವಾಗಿ ಕೆಲಸ ಮಾಡಿದೆ! ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ, ಪ್ರತಿಸಲವೂ ಆ ‘ಅದ್ಭುತವಾಗಿ’ ಅನ್ನುವಲ್ಲಿ ಗಂಟಲು ಕಟ್ಟುತ್ತದೆ. ನೀರು ಕೊಡಿ ಸ್ವಲ್ಪ.

ಕುತ್ ಮುತ್ತಿಗೆ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ. ಕೊನೆಗೆ ಟೌನ್‌ಶೆಂಡ್ ಶರಣಾದಾಗ ಸುಮಾರು 13,000 ಜನ ಸೆರೆಯಾದರು, ಬಹುಪಾಲು ನಮ್ಮವರು. ಸಿಪಾಯಿಗಳು ಮರುಭೂಮಿಯಲ್ಲಿ ನಡೆದು ಸತ್ತರು. ಜನರಲ್ ಸಾಹೇಬರು ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಆರಾಮವಾಗಿದ್ದು, ಮುಂದೆ ಪಾರ್ಲಿಮೆಂಟ್ ಸದಸ್ಯರೂ ಆದರು. ಅವರ ನಾಯಿಯನ್ನು ತುರ್ಕರು ಸುರಕ್ಷಿತವಾಗಿ ವಾಪಸ್ ಕಳಿಸಿದರು.

ಆದರೆ ನಾನು ಹೇಳಬೇಕೆಂದಿದ್ದು ಮುಂದಿನದು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1916ರ ಆಗಸ್ಟಿನಲ್ಲಿ ಬ್ರಿಟನ್ ಇದರ ವಿಚಾರಣೆಗೆ ಮೆಸೊಪೊಟೇಮಿಯಾ ಆಯೋಗ ಎಂದು ಒಂದು ಆಯೋಗ ಮಾಡಿತು. ವರ್ಷ ತುಂಬುವ ಮೊದಲೇ, 1917ರ ಜೂನ್‌ನಲ್ಲಿ ವರದಿ ಹೊರಗೆ! ದಂಡನಾಯಕ ನಿಕ್ಸನ್, ಸರಸೇನಾಪತಿ ಡಫ್, ವೈಸರಾಯ್ ಹಾರ್ಡಿಂಜ್, ಎಲ್ಲರ ಹೆಸರೂ ಇತ್ತು. ಕಾರ್ಟರ್ ಹೇಳಿದ್ದೂ ದಾಖಲಾಯಿತು. ಬ್ರಿಟಿಷ್ ಸಂಪುಟದಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಭಾರತಮಂತ್ರಿ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಟ್ಟರು. ತಮಾಷೆ ಅಂದರೆ ಅವರ ಮೇಲೆ ದೊಡ್ಡ ಆರೋಪವೇ ಇರಲಿಲ್ಲ. ಇಲಾಖೆ ನನ್ನದು, ಆದ್ದರಿಂದ ಹೋಗುತ್ತೇನೆ ಅಂದರು. ಆರೋಪ ಇದ್ದ ಹಾರ್ಡಿಂಜ್ ವಿದೇಶಾಂಗ ಕಚೇರಿಯ ಕುರ್ಚಿಯಲ್ಲೇ ಉಳಿದು, ಮುಂದೆ ಪ್ಯಾರಿಸ್ಸಿಗೆ ರಾಯಭಾರಿಯಾಗಿ ಹೋದರು. ಆ ಕಾಲ ಧರ್ಮರಾಯನ ಕಾಲ ಅಂತ ನೀವು ತಿಳಿಯಬಾರದು, ಅದಕ್ಕೆ ಹೇಳಿದೆ.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಈ ವರದಿಯ ಚರ್ಚೆಯಲ್ಲೇ ಸದಸ್ಯ ಮಾಂಟೆಗು ಎದ್ದು ನಿಂತು, ಭಾರತ ಸರ್ಕಾರ ಮರದಷ್ಟು ಜಡ, ಕಬ್ಬಿಣದಷ್ಟು ಬಿಗಿ, ಪ್ರಳಯಕ್ಕಿಂತ ಹಿಂದಿನ ಕಾಲದ್ದು ಎಂದು ಜಾಡಿಸಿದರು. ವಾರದೊಳಗೆ ಅವರೇ ಭಾರತಮಂತ್ರಿ. ಆಗಸ್ಟ್ 20ಕ್ಕೆ, ಭಾರತಕ್ಕೆ ಹಂತ ಹಂತವಾಗಿ ಜವಾಬ್ದಾರಿ ಸರ್ಕಾರ ಎಂಬ ಘೋಷಣೆ. ನಮ್ಮ ಪಠ್ಯಪುಸ್ತಕದಲ್ಲಿ ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಎಂದು ಎರಡು ಅಂಕಕ್ಕೆ ಬರುತ್ತದಲ್ಲ, ಅದರ ಹಿಂದೆ ಆ ಮೆಜಿದಿಯೆ ಹಡಗೂ ಇದೆ.

ಇನ್ನು... ಚೀಟಿ ಬಂತು. ಹತ್ತು ನಿಮಿಷ ಅಂತಿದೆ. ಇಲ್ಲ, ಐದು.

ಹಾಗಾದರೆ ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕದ ರಕ್ಷಣಾ ಮಂತ್ರಿ ಮಕ್ನಮಾರಾ ಬಗ್ಗೆ ಒಂದೇ ಮಾತು. ‘ಮಕ್ನಮಾರಾನ ಯುದ್ಧ’ ಅಂದರೆ ನನ್ನ ಆಕ್ಷೇಪವಿಲ್ಲ ಎಂದು 1964ರಲ್ಲಿ ಹೆಮ್ಮೆಯಿಂದ ಹೇಳಿದ್ದವರು, 1995ರಲ್ಲಿ ‘ನಾವು ತಪ್ಪು ಮಾಡಿದೆವು, ಘೋರ ತಪ್ಪು’ ಎಂದು ಬರೆದರು. ಪ್ರತ್ಯಯ ಸರಿಯಾಗಿದೆ. ಸೈಗಾನ್ ಬಿದ್ದು ಇಪ್ಪತ್ತು ವರ್ಷ ಆಗಿತ್ತು, ಅಷ್ಟೇ. ಇರಾಕ್ ಯುದ್ಧ ಒಪ್ಪದ ರಾಬಿನ್ ಕುಕ್ ಬ್ಲೇರ್ ಸಂಪುಟದ ಮಂತ್ರಿಗಿರಿ ಬಿಟ್ಟದ್ದು ದಾಳಿಗೆ ಮೂರು ದಿನ ಮೊದಲು. ಅದು ಬೇರೆಯೇ ಉಪನ್ಯಾಸ.

ನಮ್ಮ ಪಾರ್ಲಿಮೆಂಟಿನದನ್ನು ಬಿಡಲಾರೆ. 2003ರ ಏಪ್ರಿಲ್ 8ರಂದು ಲೋಕಸಭೆ ಇರಾಕ್ ದಾಳಿಯ ಬಗ್ಗೆ ನಿರ್ಣಯ ಮಾಡಿತು. ಖಂಡಿಸಬೇಕು ಅಂತ ವಿರೋಧ ಪಕ್ಷಗಳು, ಅಷ್ಟು ಕಟುವಾಗಿ ಬೇಡ ಅಂತ ಸರ್ಕಾರ. ಕೊನೆಗೆ ಹಿಂದಿಯಲ್ಲಿ ‘ನಿಂದಾ’ ಅಂತ ಹಾಕಿದರು. ಹಿಂದಿಯಲ್ಲಿ ಓದಿದರೆ ಖಂಡನೆ, ಇಂಗ್ಲಿಷಿಗೆ ಇಳಿಸಿದಾಗ ವಿಷಾದ. ಇಬ್ಬರಿಗೂ ಸಮಾಧಾನ. ಕನ್ನಡದಲ್ಲಿ ನಿಂದೆ ಅಂದರೆ ಬೈಗುಳ, ನಮ್ಮನ್ನು ಕೇಳಿದ್ದರೆ ನಿರ್ಣಯ ಇನ್ನೂ ಖಾರವಾಗುತ್ತಿತ್ತು! ಆದರೆ ಒಂದು ಡಿವಿಜನ್ ಸೈನ್ಯ ಕಳಿಸಿ ಎಂದು ಅಮೆರಿಕ ಕೇಳಿದಾಗ, ಆ ಜುಲೈ 14ರಂದು ವಾಜಪೇಯಿ ಸರ್ಕಾರ ಕಳಿಸುವುದಿಲ್ಲ ಎಂದಿತು. ಪೂನಾ ಡಿವಿಜನ್ನಿನ ನೆನಪು ಅವರಿಗಿತ್ತೋ ಇಲ್ಲವೋ, ನನಗಂತೂ ಆ ದಿನ ಕುತ್ ಕಣ್ಣಮುಂದೆ ಬಂತು.

ಈಗ ನೀವು ಕೇಳಬಹುದಾದ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಬೇರೆಯವರ ಹಂಚು ಎಣಿಸಿದ್ದಾಯಿತು, ನಮ್ಮದು? 1987ರಲ್ಲಿ ಶಾಂತಿಪಾಲನೆಗೆಂದು ಶ್ರೀಲಂಕಾಕ್ಕೆ ಸೈನ್ಯ ಕಳಿಸಿದೆವು. ಅಕ್ಟೋಬರಿನಲ್ಲಿ ತಮಿಳು ಹುಲಿಗಳ ಮೇಲಿನ ಕಾರ್ಯಾಚರಣೆಗೆ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲಘು ಪದಾತಿಯ ಮೂವತ್ತು ಜನರಲ್ಲಿ ಉಳಿದವನು ಒಬ್ಬ, ಅವನೂ ಸೆರೆಯಾಳು. ಎರಡೂವರೆ ವರ್ಷದಲ್ಲಿ ಸತ್ತ ಯೋಧರು ಸುಮಾರು 1,200. ಸತ್ತ ಜಾಫ್ನಾದ ನಾಗರಿಕರ ಪಟ್ಟಿಯನ್ನು ನಾವು ಮಾಡಲಿಲ್ಲ. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹೊರಟಿತು. ಮದರಾಸಿನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ಕಳಿಸಿದ ಪ್ರಧಾನಿ ಆಗ ಅಧಿಕಾರದಲ್ಲಿರಲಿಲ್ಲ, ಕರೆಸಿಕೊಂಡ ಪ್ರಧಾನಿ ಬೇರೆ. ನಮಗೆ ಚಿಲ್ಕಾಟ್ ಆಯೋಗವೂ ಇಲ್ಲ, ಮೆಸೊಪೊಟೇಮಿಯಾ ಆಯೋಗವೂ ಇಲ್ಲ. ಸತ್ತ ನಮ್ಮ ಸೈನಿಕರ ಹೆಸರು ಕೆತ್ತಿದ ಸ್ಮಾರಕವನ್ನು ಕೊಲಂಬೊ ಪಕ್ಕ ಕಟ್ಟಿಸಿದ್ದು ಶ್ರೀಲಂಕಾ ಸರ್ಕಾರ.

1962ರ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಬರೆದ ವರದಿಯ ಬಗ್ಗೆ ನಾಲ್ಕು ಪುಟ ಟಿಪ್ಪಣಿ ತಂದಿದ್ದೆ. ಅರವತ್ತು ವರ್ಷ ದಾಟಿದರೂ ಸರ್ಕಾರ ಅದನ್ನು ಬೀರುವಿನಿಂದ ತೆಗೆದಿಲ್ಲ. ಎರಡನೇ ಚೀಟಿ ಬಂದಿದೆ, ನಾನೂ ನನ್ನ ಟಿಪ್ಪಣಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ. ಬರೆದು ಕೊಡಬೇಕಾಗಿಲ್ಲ.