ಟಿವಿಯ ಹಿಂಬದಿಯಿಂದ ಆರಂಭವಾಗುವ ಕೆಲಸ

ಕೇಳುಗರಿಗೆ ನಮಸ್ಕಾರ.

ಬೆರಳುದ್ದದ ಒಂದು ಕಡ್ಡಿಯನ್ನೋ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆಯನ್ನೋ ಟಿವಿಗೆ ಸಿಕ್ಕಿಸಿ, ಮನೆಯ ವೈ-ಫೈಗೆ ಜೋಡಿಸಿ, ಅಂತರ್ಜಾಲದ ಚಲನಚಿತ್ರ, ಸಂಗೀತ, ಸುದ್ದಿಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ನೋಡುವುದು ಈಗ ಸಾಮಾನ್ಯ ಸಂಗತಿಯಾಗಿದೆ. 2008ರಲ್ಲಿ ರೋಕು ಸಂಸ್ಥೆ ನೆಟ್‌ಫ್ಲಿಕ್ಸ್ ನೋಡುವುದಕ್ಕೆಂದು ತನ್ನ ಮೊದಲ ಪೆಟ್ಟಿಗೆಯನ್ನು ಹೊರತಂದಿತು. 2013ರಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್, ಅದರ ಮರುವರ್ಷ ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಬಂದ ಮೇಲೆ ಆ ಪೆಟ್ಟಿಗೆಯ ಕೆಲಸವನ್ನು ಟಿವಿಯ ಹಿಂದೆ ಅಡಗಿ ಕುಳಿತುಕೊಳ್ಳುವ ಕಡ್ಡಿಯೇ ಮಾಡತೊಡಗಿತು. ಇಂಥ ಸಾಧನವನ್ನು ಜೋಡಿಸುವ ಬಗೆಯನ್ನು ಕುರಿತು ಈ ಹೊತ್ತು ಮಾತನಾಡುತ್ತೇನೆ.

ಸಾಧನದೊಂದಿಗೆ ಬರುವ ಪುಸ್ತಿಕೆ ನಾಲ್ಕಾರು ಚಿತ್ರಗಳಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತದೆ. ಆ ಚಿತ್ರಗಳು ಸುಳ್ಳಲ್ಲ. ಆದರೆ ಎಲ್ಲಿ ಎಡವುತ್ತೇವೆಂಬುದನ್ನು ಅವು ಹೇಳುವುದಿಲ್ಲ. ಚಿತ್ರ ಮೂಡದಿರುವುದು, ನಡುವೆ ನಿಂತುಹೋಗುವುದು, ಸಾಧನ ತಾನಾಗಿ ಮತ್ತೆ ಮತ್ತೆ ಹೊಸದಾಗಿ ಆರಂಭವಾಗುವುದು ಮುಂತಾದ ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಸಾಧನದ ಹೊರಗೆ, ಅಂದರೆ ಅದನ್ನು ಸಿಕ್ಕಿಸಿದ ಕಿಂಡಿಯಲ್ಲಿ, ಅದಕ್ಕೆ ಸಿಗುವ ವಿದ್ಯುತ್ತಿನಲ್ಲಿ ಮತ್ತು ಅದನ್ನು ತಲುಪುವ ವೈ-ಫೈ ಅಲೆಯಲ್ಲಿ ಎಂಬುದು ನನ್ನ ತಿಳಿವಳಿಕೆ. ಹಾಗಾಗಿ ರಿಮೋಟ್ ಕೈಗೆತ್ತಿಕೊಳ್ಳುವ ಮೊದಲು ಟಿವಿಯ ಹಿಂಬದಿಯನ್ನು ಒಂದಿಷ್ಟು ಹೊತ್ತು ನಿಧಾನವಾಗಿ ನೋಡುವುದು ಒಳ್ಳೆಯದು.

ಅಲ್ಲಿ ಎಚ್‌ಡಿಎಂಐ ಎಂಬ ಹೆಸರಿನ ಚಪ್ಪಟೆಯಾದ ಕಿಂಡಿಗಳು ಎರಡೋ ಮೂರೋ ಇರುತ್ತವೆ; ಒಂದೊಂದರ ಪಕ್ಕದಲ್ಲೂ ಒಂದು ಸಂಖ್ಯೆ ಮುದ್ರಿತವಾಗಿರುತ್ತದೆ. ಸಾಧನವನ್ನು ಯಾವ ಸಂಖ್ಯೆಯ ಕಿಂಡಿಗೆ ಸಿಕ್ಕಿಸಿದಿರೋ ಟಿವಿಯ ರಿಮೋಟಿನಲ್ಲಿ ಇನ್‌ಪುಟ್ ಅಥವಾ ಸೋರ್ಸ್ ಎಂಬ ಗುಂಡಿಯನ್ನು ಒತ್ತಿ ಅದೇ ಸಂಖ್ಯೆಯನ್ನು ಆರಿಸಬೇಕು. ಪರದೆ ಕಪ್ಪಗಿದೆ, ಸಾಧನ ಕೆಟ್ಟಿದೆ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಈ ಆಯ್ಕೆಯ ತಪ್ಪು. ಒಂದು ಕಿಂಡಿಯ ಪಕ್ಕದಲ್ಲಿ ಎಆರ್‌ಸಿ ಎಂಬ ಮೂರಕ್ಷರಗಳಿದ್ದರೆ ಅದನ್ನು ಖಾಲಿ ಬಿಡುವುದು ಲೇಸು, ಏಕೆಂದರೆ ಟಿವಿಯಿಂದ ಸೌಂಡ್‌ಬಾರ್ ಎಂಬ ಹೊರಗಿನ ಉದ್ದನೆಯ ಸ್ಪೀಕರಿಗೆ ಧ್ವನಿಯನ್ನು ಕಳುಹಿಸುವ ದಾರಿ ಅದು. ಇಂದು ಸೌಂಡ್‌ಬಾರ್ ಇಲ್ಲದಿದ್ದರೂ ನಾಳೆ ಬಂದೀತು.

ನಿಮ್ಮದು 4ಕೆ ಟಿವಿಯಾಗಿದ್ದು, ಸಾಧನವೂ 4ಕೆ ಆಗಿದ್ದರೆ ಇನ್ನೊಂದು ಸೂಕ್ಷ್ಮವಿದೆ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳಿರುತ್ತವೆ. ಅಂದರೆ ಫುಲ್ ಎಚ್‌ಡಿ ಪರದೆಯ ನಾಲ್ಕರಷ್ಟು. ಇಷ್ಟು ಮಾಹಿತಿಯನ್ನು ಪೂರ್ಣವಾಗಿ ಸಾಗಿಸುವ ಸಾಮರ್ಥ್ಯ ಕೆಲವು ಟಿವಿಗಳ ಎಲ್ಲ ಕಿಂಡಿಗಳಿಗೂ ಇರುವುದಿಲ್ಲ. ಅಲ್ಲದೆ, ಚಲನಚಿತ್ರಗಳನ್ನು ಕದ್ದು ನಕಲು ಮಾಡದಂತೆ ತಡೆಯುವ ಎಚ್‌ಡಿಸಿಪಿ ಎಂಬ ಏರ್ಪಾಡಿನ 2.2ನೆಯ ಆವೃತ್ತಿಯನ್ನು ಆ ಕಿಂಡಿ ಬಲ್ಲದಾಗಿರಬೇಕು. ಬಲ್ಲದಾಗಿಲ್ಲದಿದ್ದರೆ, ಹಣ ಕೊಟ್ಟು ಪಡೆದ 4ಕೆ ಚಿತ್ರವೂ ಯಾವ ಸೂಚನೆಯೂ ಇಲ್ಲದೆ ಕೆಳಗಿನ ದರ್ಜೆಯಲ್ಲೇ ಕಾಣಿಸಿಕೊಳ್ಳಬಹುದು. ಟಿವಿಯ ಕೈಪಿಡಿಯಲ್ಲಿ ಯಾವ ಕಿಂಡಿಗೆ ಏನು ಸಾಧ್ಯ ಎಂಬ ವಿವರವಿರುತ್ತದೆ. ಕೆಲವು ಟಿವಿಗಳಲ್ಲಿ ಕಿಂಡಿಯ ಪೂರ್ಣ ಸಾಮರ್ಥ್ಯವನ್ನು ಸೆಟ್ಟಿಂಗ್ಸ್‌ನೊಳಗೆ ಹೋಗಿ ನಾವೇ ತೆರೆಯಬೇಕಾಗುತ್ತದೆ ಎಂಬುದನ್ನೂ ಅಲ್ಲಿಯೇ ಓದಬಹುದು. ಹಳದಿ, ಕೆಂಪು, ಬಿಳಿ ಕಿಂಡಿಗಳಷ್ಟೇ ಇರುವ ಹಳೆಯ ಟಿವಿಗೆ ಮಧ್ಯೆ ಒಂದು ಪರಿವರ್ತಕವನ್ನು ಹಾಕಿ ಕೆಲಸ ಸಾಧಿಸಬಹುದಾದರೂ ಅಕ್ಷರಗಳು ಮಸುಕಾಗುತ್ತವೆ, ಕೆಲವು ಸೇವೆಗಳು ತೆರೆಯುವುದೇ ಇಲ್ಲ. ನಾನಂತೂ ಅದನ್ನು ಶಿಫಾರಸು ಮಾಡುವುದಿಲ್ಲ.

ಇನ್ನು ವಿದ್ಯುತ್ತಿನ ವಿಚಾರ. ಟಿವಿಯ ಹಿಂದೆ ಯುಎಸ್‌ಬಿ ಕಿಂಡಿಯೊಂದು ಕೈಗೆಟಕುವಂತೆ ಇರುವುದರಿಂದ, ಸಾಧನದ ವೈರನ್ನು ಅದಕ್ಕೇ ಸಿಕ್ಕಿಸಿದರೆ ಗೋಡೆಯ ಪ್ಲಗ್ಗೂ ಉಳಿಯಿತು, ವೈರಿನ ಗೋಜಲೂ ತಪ್ಪಿತು ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಲೆಕ್ಕ ನೋಡಿ: ಸಾಮಾನ್ಯ ಯುಎಸ್‌ಬಿ 2.0 ಕಿಂಡಿಯಿಂದ ನಿಯಮದಂತೆ ಸಿಗುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಕಡ್ಡಿಗಳ ಜೊತೆಗೆ ಬರುವ ಅಡಾಪ್ಟರ್ ಸಾಮಾನ್ಯವಾಗಿ 5 ವ್ಯಾಟ್ ಅಥವಾ ಅದಕ್ಕೂ ಹೆಚ್ಚಿನದು. ಮೆನುವಿನಲ್ಲಿ ಅತ್ತಿತ್ತ ಓಡಾಡುವಷ್ಟು ಹೊತ್ತು ಎರಡೂವರೆ ವ್ಯಾಟ್ ಸಾಕಾದೀತು. ಚಿತ್ರ ಓಡತೊಡಗಿ, ವೈ-ಫೈ ಮತ್ತು ಸಂಸ್ಕಾರಕ, ಅಂದರೆ ಪ್ರೊಸೆಸರ್, ಎರಡೂ ಒಟ್ಟಿಗೆ ದುಡಿಯುವಾಗ ಅದು ಸಾಲದೆ, ಸಾಧನ ನಡುವಿನಲ್ಲೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇದಲ್ಲದೆ, ಟಿವಿಯನ್ನು ಆರಿಸಿದೊಡನೆ ಆ ಯುಎಸ್‌ಬಿ ಕಿಂಡಿಯ ವಿದ್ಯುತ್ತೂ ನಿಂತುಹೋಗುವುದುಂಟು. ಆಗ ರಾತ್ರಿಯ ಹೊತ್ತು ತಾನಾಗಿ ಆಗಬೇಕಾದ ತಂತ್ರಾಂಶದ ಅಪ್‌ಡೇಟ್ ಆಗುವುದಿಲ್ಲ, ಪ್ರತಿ ಸಲ ಟಿವಿ ಹಾಕಿದಾಗಲೂ ಸಾಧನ ಮೊದಲಿನಿಂದ ಏಳುವುದನ್ನು ಕಾಯುತ್ತ ಕೂರಬೇಕಾಗುತ್ತದೆ. ಅದಕ್ಕೇ ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರನ್ನೇ, ಅದರೊಂದಿಗೆ ಬಂದ ವೈರಿನೊಂದಿಗೇ, ಗೋಡೆಯ ಪ್ಲಗ್ಗಿಗೆ ಹಾಕಿ. ಹಳೆಯ ಫೋನಿನ ತೆಳ್ಳನೆಯ ಚಾರ್ಜರ್ ವೈರು ನೋಡಲು ಒಂದೇ ತೆರನಾಗಿದ್ದರೂ, ಉದ್ದ ಹೆಚ್ಚಿದಷ್ಟೂ ವೋಲ್ಟೇಜನ್ನು ದಾರಿಯಲ್ಲೇ ಕಳೆಯುತ್ತದೆ.

ಕಡ್ಡಿಯ ಜೊತೆಗೆ ಗೇಣುದ್ದಕ್ಕಿಂತ ಚಿಕ್ಕದಾದ ಒಂದು ಎಚ್‌ಡಿಎಂಐ ವಿಸ್ತರಣಾ ತುಂಡು ಬಂದಿದ್ದರೆ ಅದನ್ನು ಪಕ್ಕಕ್ಕೆ ಎಸೆಯಬೇಡಿ. ಅದು ಜಾಗ ಇಕ್ಕಟ್ಟಾಗಿದ್ದಾಗ ಬಳಸುವುದಕ್ಕಷ್ಟೇ ಇರುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಟಿವಿಯ ಬೆನ್ನಿಗೆ ಒತ್ತಿಕೊಂಡು ಕುಳಿತ ಕಡ್ಡಿಗೆ ಟಿವಿಯ ಶಾಖವೂ ತಾಗುತ್ತದೆ, ಟಿವಿಯ ಲೋಹದ ಭಾಗಗಳು ವೈ-ಫೈ ಅಲೆಗೂ ಅಡ್ಡ ನಿಲ್ಲುತ್ತವೆ. ಆ ಪುಟ್ಟ ತುಂಡಿನಿಂದ ಕಡ್ಡಿಯನ್ನು ಒಂದಿಷ್ಟು ಆಚೆಗೆ ಇಳಿಬಿಟ್ಟರೆ ಎರಡು ಕಾಟವೂ ತಗ್ಗುತ್ತವೆ.

ಇಷ್ಟಾದ ಮೇಲೆ ಪರದೆಯ ಮೇಲೆ ತಯಾರಕರ ಗುರುತು ಮೂಡುತ್ತದೆ. ರಿಮೋಟಿಗೆ ಬ್ಯಾಟರಿ ಹಾಕಿ, ಪರದೆಯಲ್ಲಿ ಹೇಳಿದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ರಿಮೋಟ್ ಸಾಧನದೊಂದಿಗೆ ಹೊಂದಿಕೊಳ್ಳುತ್ತದೆ. ಟಿವಿಯ ರಿಮೋಟನ್ನು ಟಿವಿಯತ್ತ ಗುರಿಯಿಟ್ಟು ಒತ್ತಬೇಕು, ಏಕೆಂದರೆ ಅದು ಅವಗೆಂಪು ಬೆಳಕಿನಿಂದ ಮಾತನಾಡುತ್ತದೆ. ಕಡ್ಡಿಯ ರಿಮೋಟ್ ಹೆಚ್ಚಾಗಿ ಬ್ಲೂಟೂತ್ ಅಥವಾ ವೈ-ಫೈ ಬಳಸುವುದರಿಂದ, ಟಿವಿಯ ಹಿಂದೆ ಮರೆಯಾಗಿರುವ ಕಡ್ಡಿಗೂ ಅದರ ಅಪ್ಪಣೆ ತಲುಪುತ್ತದೆ.

ಆಮೇಲಿನದು ವೈ-ಫೈ. ಅನೇಕ ರೂಟರುಗಳು ಒಂದೇ ಮನೆಯಲ್ಲಿ ಎರಡು ಹೆಸರುಗಳನ್ನು ಬಿತ್ತರಿಸುತ್ತವೆ, ಒಂದು 2.4 ಗಿಗಾಹರ್ಟ್ಸ್‌ನದು, ಇನ್ನೊಂದು 5 ಗಿಗಾಹರ್ಟ್ಸ್‌ನದು. ಮೊದಲನೆಯದು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಆದರೆ ಬ್ಲೂಟೂತ್ ಸಾಧನಗಳು, ಮೈಕ್ರೋವೇವ್ ಒಲೆ, ನೆರೆಹೊರೆಯ ರೂಟರುಗಳು ಎಲ್ಲವೂ ಅದೇ ಅಲೆಗಳ ಪಟ್ಟಿಯಲ್ಲಿ ಸದ್ದು ಮಾಡುತ್ತವೆ. ಎರಡನೆಯದು ವೇಗಶಾಲಿ, ಗದ್ದಲ ಕಡಿಮೆ; ಗೋಡೆ ಅಡ್ಡ ಬಂದರೆ ಮಾತ್ರ ಬೇಗ ಸೊರಗುತ್ತದೆ. ರೂಟರ್ ಮತ್ತು ಟಿವಿ ಒಂದೇ ಕೋಣೆಯಲ್ಲಿದ್ದರೆ 5ನ್ನೂ, ಎರಡು ಗೋಡೆಯಾಚೆ ಇದ್ದರೆ 2.4ನ್ನೂ ಆರಿಸಿ ನೋಡಿ. ಎಷ್ಟು ವೇಗ ಬೇಕು ಎಂಬುದಕ್ಕೆ ನೆಟ್‌ಫ್ಲಿಕ್ಸ್ ಸಂಸ್ಥೆಯೇ ಒಂದು ಅಂದಾಜು ಕೊಟ್ಟಿದೆ: ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್. ಇದು ದೊಡ್ಡ ವೇಗವೇನಲ್ಲ. ಆದರೂ ಚಿತ್ರ ತಡವರಿಸುವುದೇಕೆಂದರೆ, ಮನೆಯ ಬಾಗಿಲಿಗೆ ಬರುವ ವೇಗ ಬೇರೆ, ಟಿವಿಯ ಬೆನ್ನ ಹಿಂದಿನ ಕಡ್ಡಿಯನ್ನು ಮುಟ್ಟುವ ವೇಗ ಬೇರೆ. ಫೋನಿನಲ್ಲಿ ವೇಗ ಪರೀಕ್ಷಿಸಿ ಚೆನ್ನಾಗಿದೆಯೆಂದು ತೀರ್ಮಾನಿಸುವುದಕ್ಕಿಂತ, ಸಾಧನದ ಒಳಗಿನಿಂದಲೇ ಪರೀಕ್ಷಿಸಬೇಕು. ಬಹಳಷ್ಟು ಸಾಧನಗಳ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಅವಕಾಶವಿದೆ. ತಿಂಗಳಿಗಿಷ್ಟೇ ಡೇಟಾ ಎಂಬ ಮಿತಿಯುಳ್ಳವರು ಇನ್ನೊಂದನ್ನು ಗಮನಿಸಬೇಕು: ಸೆಕೆಂಡಿಗೆ 15 ಮೆಗಾಬಿಟ್‌ನಂತೆ ಎಡೆಬಿಡದೆ ಹರಿದರೆ ಒಂದು ಗಂಟೆಗೆ ಆರೂಮುಕ್ಕಾಲು ಗಿಗಾಬೈಟ್ ಖರ್ಚಾಗುತ್ತದೆ. ಚಿತ್ರದ ದರ್ಜೆಯನ್ನು ತಗ್ಗಿಸುವ ಆಯ್ಕೆ ಆಯಾ ಸೇವೆಯ ಖಾತೆಯಲ್ಲಿರುತ್ತದೆ.

ಈಗ ಸಾಧನ ನಿಮ್ಮ ಖಾತೆಯನ್ನು ಕೇಳುತ್ತದೆ. ರಿಮೋಟಿನ ಬಾಣದ ಗುಂಡಿಗಳಿಂದ ಒಂದೊಂದೇ ಅಕ್ಷರ ಆರಿಸಿ ಉದ್ದನೆಯ ಪಾಸ್‌ವರ್ಡ್ ಬರೆಯುವುದು ತಾಳ್ಮೆಗೆಡಿಸುವ ಕೆಲಸವಾದ್ದರಿಂದ, ಪರದೆಯ ಮೇಲೆ ಆರೆಂಟು ಅಕ್ಷರಗಳ ಒಂದು ಸಂಕೇತವನ್ನು ತೋರಿಸಿ, ಅದನ್ನು ಫೋನಿನಲ್ಲಿ ಇಂಥ ವಿಳಾಸದಲ್ಲಿ ನಮೂದಿಸಿ ಎಂದು ಹೇಳುವ ಪದ್ಧತಿ ಬಂದಿದೆ. ಪದ್ಧತಿ ಒಳ್ಳೆಯದೇ, ವಂಚಕರು ಹೊಂಚು ಹಾಕಿರುವುದೂ ಇಲ್ಲೇ. ಪರದೆಯ ಮೇಲಿನ ವಿಳಾಸವನ್ನು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅಕ್ಷರಶಃ ಬರೆಯುವ ಬದಲು ಸಾಧನದ ಹೆಸರನ್ನು ಹುಡುಕು ತಾಣದಲ್ಲಿ ಹಾಕಿ, ಮೊದಲು ಕಂಡ ಕೊಂಡಿಯನ್ನು ಒತ್ತಿದವರು ಅಸಲಿಯಂತೆಯೇ ಕಾಣುವ ನಕಲಿ ಪುಟಕ್ಕೆ ಹೋಗಿಬಿಡುತ್ತಾರೆ. ಅಲ್ಲಿ ಸಂಕೇತ ಹಾಕಿದೊಡನೆ ಏನೋ ದೋಷವಿದೆಯೆಂಬ ಸಂದೇಶವೂ, ಸಹಾಯವಾಣಿಯೆಂದು ಒಂದು ದೂರವಾಣಿ ಸಂಖ್ಯೆಯೂ ಕಾಣುತ್ತವೆ. ಕರೆ ಮಾಡಿದರೆ ಸಕ್ರಿಯಗೊಳಿಸುವ ಶುಲ್ಕವೆಂದು ಹಣ ಕೇಳುತ್ತಾರೆ, ಇಲ್ಲವೆ ನಿಮ್ಮ ಕಂಪ್ಯೂಟರನ್ನು ದೂರದಿಂದ ನಡೆಸಲು ಅನುಮತಿ ಕೇಳುತ್ತಾರೆ. ರೋಕು, ಅಮೆಜಾನ್, ಗೂಗಲ್, ಆಪಲ್ ಇವುಗಳಲ್ಲಿ ಯಾವುದೂ ಸಾಧನವನ್ನು ಸಕ್ರಿಯಗೊಳಿಸುವುದಕ್ಕೆ ಹಣ ಕೇಳುವುದಿಲ್ಲ. ಚಂದಾ ಹಣ ಬೇರೆ ಮಾತು. ಅದು ನೀವು ಆರಿಸಿಕೊಂಡ ಸೇವೆಗೆ ಸಲ್ಲುವಂಥದು. ಜೋಡಣೆಗೇ ಶುಲ್ಕ ಎಂದು ಯಾರಾದರೂ ಹೇಳಿದರೆ ಕರೆಯನ್ನು ಅಲ್ಲಿಗೇ ಕಡಿದುಹಾಕಿ.

ಖಾತೆ ಜೋಡಣೆಯಾದ ಮೇಲೆ ಅಪ್‌ಡೇಟ್ ಇಳಿಯುತ್ತದೆ. ಮುಗಿಯುವವರೆಗೆ ಪ್ಲಗ್ ಕೀಳದಿದ್ದರೆ ಸಾಕು. ಅದಾದ ಬೆನ್ನಿಗೇ ಹಲವು ಅನುಮತಿಗಳ ಸಾಲು ಬರುತ್ತದೆ. ನೀವು ನೋಡುವುದನ್ನು ಆಧರಿಸಿ ಜಾಹೀರಾತು ತೋರಿಸಬಹುದೇ, ಬಳಕೆಯ ವಿವರವನ್ನು ಕಳುಹಿಸಬಹುದೇ, ಮೈಕ್ರೋಫೋನ್ ಬಳಸಬಹುದೇ ಎಂದೆಲ್ಲ ಕೇಳುವ ಈ ಪುಟಗಳಲ್ಲಿ ಒಪ್ಪಿಗೆಯ ಗುಂಡಿ ದೊಡ್ಡದಾಗಿಯೂ ನಿರಾಕರಣೆಯ ಗುಂಡಿ ಸಣ್ಣದಾಗಿಯೂ ಇರುವುದು ಕಾಕತಾಳೀಯವಲ್ಲ. ಜಾಹೀರಾತಿನ ಅನುಮತಿಯನ್ನು ನಿರಾಕರಿಸಿದರೆ ಚಿತ್ರ ನೋಡುವುದಕ್ಕೆ ಏನೂ ಅಡ್ಡಿಯಾಗುವುದಿಲ್ಲ. ಆತುರದಲ್ಲಿ ಒಪ್ಪಿದ್ದವರು ಸೆಟ್ಟಿಂಗ್ಸ್‌ನ ಖಾಸಗಿತನದ ವಿಭಾಗಕ್ಕೆ ಹೋಗಿ ಹಿಂತೆಗೆದುಕೊಳ್ಳಬಹುದು.

ಚಿತ್ರದ ಅಂಚುಗಳು ಕತ್ತರಿಸಿದಂತೆ ಕಂಡರೆ ದೋಷ ಟಿವಿಯದು. ಹಳೆಯ ಪ್ರಸಾರಗಳ ಅಂಚನ್ನು ಮರೆಮಾಚಲೆಂದು ಚಿತ್ರವನ್ನು ತುಸು ಹಿಗ್ಗಿಸುವ ಅಭ್ಯಾಸವನ್ನು ಟಿವಿಗಳು ಇನ್ನೂ ಬಿಟ್ಟಿಲ್ಲ. ಚಿತ್ರದ ಅಳತೆಯನ್ನು ಆರಿಸುವ ಮೆನುವಿನಲ್ಲಿ ಇದನ್ನು ಸರಿಪಡಿಸಬಹುದು. ಸಿನಿಮಾಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ. ಸಾಧನಗಳು ಅವನ್ನು ಸೆಕೆಂಡಿಗೆ 60ರಂತೆ ಕಳುಹಿಸುವಾಗ ಕೆಲವು ಚಿತ್ರಗಳನ್ನು ಎರಡು ಸಲ, ಕೆಲವನ್ನು ಮೂರು ಸಲ ತೋರಿಸಬೇಕಾಗಿ ಬಂದು, ಕ್ಯಾಮೆರಾ ನಿಧಾನವಾಗಿ ಹೊರಳುವ ದೃಶ್ಯಗಳಲ್ಲಿ ಸಣ್ಣ ಕುಲುಕು ಕಾಣುತ್ತದೆ. ಮೂಲ ಚಿತ್ರದ ವೇಗಕ್ಕೆ ಹೊಂದಿಕೊಳ್ಳುವ ಆಯ್ಕೆ ನಿಮ್ಮ ಸಾಧನದಲ್ಲಿದ್ದರೆ ಅದನ್ನು ಚಾಲೂ ಮಾಡಿ. ನಡುವೆ ಇಲ್ಲದ ಚಿತ್ರಗಳನ್ನು ತಾನೇ ಸೃಷ್ಟಿಸಿ ತುಂಬುವ ಟಿವಿಯ ಸೌಲಭ್ಯ ಇನ್ನೊಂದಿದೆ. ಕ್ರೀಡೆಗೆ ಅದು ಹಿತವೆನಿಸಬಹುದು. ಸಿನಿಮಾಗೆ ಅದನ್ನು ನಿಲ್ಲಿಸಿಬಿಡುವುದೇ ಸರಿಯೆಂಬುದು ನನ್ನ ಖಚಿತ ಅಭಿಪ್ರಾಯ.

ಚಿತ್ರವಿದ್ದೂ ಧ್ವನಿ ಬಾರದಿದ್ದರೆ, ಸಾಧನ ಕಳುಹಿಸುತ್ತಿರುವ ಡಾಲ್ಬಿ ಮಾದರಿಯ ಧ್ವನಿಯನ್ನು ಟಿವಿ ಅರಿಯಲಾರದೆ ಹೋಗಿರಬಹುದು. ಧ್ವನಿಯ ಸೆಟ್ಟಿಂಗ್ಸ್‌ನಲ್ಲಿ ಪಿಸಿಎಂ ಅಥವಾ ಸ್ಟೀರಿಯೊ ಎಂದು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಒಂದೇ ರಿಮೋಟಿನಿಂದ ಟಿವಿಯೂ ಸಾಧನವೂ ಒಟ್ಟಿಗೆ ಹೊತ್ತಿ ಆರುವಂತೆ ಮಾಡುವ ಏರ್ಪಾಡಿಗೆ ಸಿಇಸಿ ಎಂದು ಹೆಸರು. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯ ಸಿಂಕ್ ಎಂದೂ ಕರೆಯುವುದರಿಂದ ಕೈಪಿಡಿಯಲ್ಲಿ ಹುಡುಕುವಾಗ ಗೊಂದಲವಾಗುತ್ತದೆ. ಟಿವಿಯಲ್ಲೂ ಸಾಧನದಲ್ಲೂ ಇದನ್ನು ಚಾಲೂ ಮಾಡಿದರೆ ಮಾತ್ರ ಫಲ.

ಮನೆಯಲ್ಲಿ ಮಕ್ಕಳಿದ್ದರೆ ಖರೀದಿಗೆ ಪಿನ್ ಕೇಳುವಂತೆ ಅಂದೇ ಮಾಡಿಬಿಡಿ. ಆಟವೋ ಸಿನಿಮಾವೋ ಒಂದು ಗುಂಡಿಯಿಂದ ಖರೀದಿಯಾಗಿ, ಖಾತೆಗೆ ಜೋಡಿಸಿದ ಕಾರ್ಡಿನಿಂದ ಹಣ ಹೋಗುವುದು ಇದರಿಂದ ತಪ್ಪುತ್ತದೆ. ಮುಂದೆಂದಾದರೂ ಆ ಸಾಧನವನ್ನು ಇನ್ನೊಬ್ಬರಿಗೆ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಒಳಗಿರುವ ನಿಮ್ಮ ವಿವರಗಳನ್ನೆಲ್ಲ ಅಳಿಸಿ, ನಿಮ್ಮ ಖಾತೆಯ ಸಾಧನಗಳ ಪಟ್ಟಿಯಿಂದಲೂ ಅದರ ಹೆಸರನ್ನು ತೆಗೆದುಹಾಕಿದ ಬಳಿಕವೇ ಕೊಡಿ. ನಮಸ್ಕಾರ.