ಬೆಟ್ಟಕ್ಕೆ ಎರಡನೆಯ ಸಲ ಹೋಗಿ

ಗೆಳೆಯರೇ,

ಮುಂದಿನ ವಾರ, ಜುಲೈ ಮೊದಲಲ್ಲಿ, ನಿಮ್ಮಲ್ಲಿ ಹಲವರು ಕ್ಷೇತ್ರಕಾರ್ಯಕ್ಕೆಂದು ಲಡಾಖಿಗೆ ಹೊರಟಿದ್ದೀರಿ. ನೀವು ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ನಿನ್ನೆ ರಾತ್ರಿ ಓದಿದೆ. ಅದರ ಮೂರನೆಯ ಪ್ರಶ್ನೆ ಹೀಗಿದೆ: 'ಕಳೆದ ಮೂವತ್ತು ವರ್ಷಗಳಲ್ಲಿ ನಿಮ್ಮ ಊರಿನ ಹವಾಮಾನ ಬದಲಾಗಿದೆಯೇ? ಹೌದು, ಇಲ್ಲ, ಗೊತ್ತಿಲ್ಲ.' ಹಿಮನದಿ, ಹಬ್ಬ, ವಲಸೆ ಎಂದು ಇಂದಿನ ಈ ಭಾಷಣಕ್ಕೆ ಬೇರೆಯೇ ಟಿಪ್ಪಣಿ ಬರೆದಿಟ್ಟಿದ್ದೆ. ಆದರೆ ಆ ಪ್ರಶ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನೂ ಒಮ್ಮೆ ಅದೇ ಬೆಟ್ಟಗಳಿಗೆ ಹೋಗಿದ್ದೆ.

ಸಿಂಧೂ ನದಿಯಿಂದ ಒಳಗೆ, ಒಂದು ಅಡ್ಡಕಣಿವೆಯ ಹಳ್ಳಿ. ಬಾರ್ಲಿ ಹೊಲಗಳು, ಅಂಚಿಗೆ ಪಾಪ್ಲರ್ ಮತ್ತು ವಿಲ್ಲೋ ಮರಗಳು. ಕೊನೆಯ ಕಾಲುವೆ ದಾಟಿದರೆ ಒಂದು ಹುಲ್ಲೆಸಳೂ ಇಲ್ಲದ ಬೋಳು ಗುಡ್ಡ. ಲೇಹ್‌ನಲ್ಲಿ ಇಡೀ ವರ್ಷದ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್ ಎಂಬುದು ನಿಮಗೆ ಗೊತ್ತೇ ಇದೆ. ಅಲ್ಲಿ ಮೋಡವನ್ನು ನಂಬಿ ಯಾರೂ ಬಿತ್ತುವುದಿಲ್ಲ. ಮೇಲೆ ಕರಗುವ ಹಿಮವನ್ನು ನಂಬಿ ಬಿತ್ತುತ್ತಾರೆ. ಆ ನೀರನ್ನು ಹೊಲಹೊಲಕ್ಕೆ ಹಂಚುವವನು ಚುರ್‌ಪೋನ್. ಚು ಎಂದರೆ ನೀರು, ಪೋನ್ ಎಂದರೆ ಒಡೆಯ. ನಮ್ಮಲ್ಲಿ ನೀರುಗಂಟಿ ಎಂಬ ಚೆಂದದ ಮಾತಿರುವಾಗ ಅದನ್ನೇ ಬಳಸೋಣ.

ನಾನು ಮೊದಲ ಸಲ ಹೋದದ್ದೂ ಜುಲೈನಲ್ಲಿ. ಕಾಲುವೆಗಳು ತುಂಬಿ ಹರಿಯುತ್ತಿದ್ದವು. ನೀರುಗಂಟಿಯ ಅಡುಗೆಮನೆಯಲ್ಲಿ ಕುಳಿತು, ಬೆಣ್ಣೆ ಚಹಾ ಕುಡಿಯುತ್ತ, ದುಭಾಷಿಯ ಮೂಲಕ ಆ ಪ್ರಶ್ನೆ ಕೇಳಿದೆ. ಆತ ಕಿಟಕಿಯಾಚೆ ನೋಡಿ 'ಇಲ್ಲ' ಎಂದ. ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. ಊರಿಗೆ ಮರಳಿ ವರದಿಯಲ್ಲಿ 'ಹಳ್ಳಿಗರಲ್ಲಿ ಹವಾಮಾನ ಬದಲಾವಣೆಯ ಅರಿವು ಕಡಿಮೆ' ಎಂದು ಬರೆದೆ. ಆ ವಾಕ್ಯ ನನ್ನನ್ನು ಇಂದಿಗೂ ನೋಯಿಸುತ್ತದೆ.

ಎರಡನೆಯ ಸಲ ಹೋದದ್ದು ಏಪ್ರಿಲ್ ಕೊನೆಯಲ್ಲಿ. ಪ್ರಶ್ನಾವಳಿಯನ್ನು ಚೀಲದಲ್ಲೇ ಬಿಟ್ಟು, ಬೆಳಕು ಹರಿಯುವ ಮೊದಲೇ ಆತನ ಹಿಂದೆ ಹೊರಟೆ. ಹೆಗಲ ಮೇಲೆ ಸಲಿಕೆ, ಉಗುರುಗಳೊಳಗೆ ಕೆಸರು. ಹಳ್ಳಿಯ ನೆತ್ತಿಯಲ್ಲಿ ಝಿಂಗ್ ಎಂಬ ಕೊಳವಿದೆ. ರಾತ್ರಿ ತೊರೆಯ ನೀರನ್ನು ಅದರಲ್ಲಿ ಕೂಡಿಟ್ಟು ಬೆಳಿಗ್ಗೆ ತೂಬು ತೆರೆಯುತ್ತಾರೆ. ತೂಬು ಎಂದರೆ ಒಂದು ಚಪ್ಪಟೆ ಕಲ್ಲು, ಅದರ ಸಂದಿಗೆ ತುರುಕಿದ ಹುಲ್ಲಿನ ಹೆಂಟೆ, ಹಳೆಯ ಬಟ್ಟೆಯ ಚಿಂದಿ. ಆತ ಬಗ್ಗಿ ಚಿಂದಿಯನ್ನು ಎಳೆದ. ನೀರು ಮೊದಲು ತೊಟ್ಟಿಕ್ಕಿತು, ಆಮೇಲೆ ಬೆರಳಿನಷ್ಟು ಹರಿಯಿತು, ಅಷ್ಟಕ್ಕೇ ನಿಂತಿತು. ಕೊಳದಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ. ಕಲ್ಲಿನ ಗೋಡೆಯ ಮೇಲೆ ಹಳೆಯ ನೀರಿನ ಗೆರೆ ನನ್ನ ಎದೆಯ ಎತ್ತರಕ್ಕಿತ್ತು.

ಆತ ಮಾತಾಡದೆ ಎದುರಿನ ಬೆಟ್ಟದ ಏಣು ತೋರಿಸಿದ. ಅಲ್ಲೊಂದು ಕಲ್ಲುಗುಪ್ಪೆ. ಸೂರ್ಯ ಅದರ ಹಿಂದಿನಿಂದ ಮೂಡುವ ದಿನ ಬಿತ್ತನೆ ಶುರು. ಅಜ್ಜಂದಿರ ಕಾಲದ ಪಂಚಾಂಗ ಅದು. ಆ ದಿನ ಕಳೆದು ಐದಾರು ದಿನಗಳಾಗಿದ್ದವು. 'ಸೂರ್ಯ ಬಂದಾಯಿತು, ನೀರು ಬಂದಿಲ್ಲ. ನಮ್ಮಪ್ಪನ ಕಾಲದಲ್ಲಿ ಇಬ್ಬರೂ ಒಟ್ಟಿಗೆ ಬರುತ್ತಿದ್ದರು' ಎಂದ.

ಹಾಗಾದರೆ ಅಂದು ಇಲ್ಲ ಎಂದದ್ದೇಕೆ ಎಂದು ಕೇಳಿದೆ. ಆತ ಬಾಯ್ತುಂಬ ನಕ್ಕ. ದುಭಾಷಿ ಹವಾಮಾನ ಎಂಬುದಕ್ಕೆ ಆಕಾಶ ಎಂಬ ಪದ ಬಳಸಿದ್ದನಂತೆ. 'ನೀವು ಆಕಾಶ ಬದಲಾಗಿದೆಯೇ ಎಂದಿರಿ. ನೋಡಿದೆ, ಅಲ್ಲೇ ಇತ್ತು.'

(ಸಭೆಯಲ್ಲಿ ನಗು)

ನಗಿ, ಆತನೂ ನಕ್ಕಿದ್ದ. ಆದರೆ ಆ ಬೆಳಗಿನಲ್ಲಿ ಏನೆಲ್ಲ ಇತ್ತು ನೋಡಿ. ಹಳ್ಳಿಗೆ ಹತ್ತಿರದ, ಕೆಳಮಟ್ಟದ ಸಣ್ಣ ಹಿಮರಾಶಿಗಳು ಇಲ್ಲವಾದರೆ ಮೊದಲು ಬತ್ತುವುದು ವಸಂತದ ನೀರು. ಎತ್ತರದ ದೊಡ್ಡ ಹಿಮನದಿ ಜುಲೈನಲ್ಲಿ ಧಾರಾಳವಾಗಿ ಕರಗುತ್ತದೆ, ಆಗ ಕಾಲುವೆ ತುಂಬಿರುತ್ತದೆ. ಬಿತ್ತನೆಗೆ ಬೇಕಾದ ನೀರು ಬಿತ್ತನೆ ಮುಗಿದ ಮೇಲೆ ಬರುತ್ತದೆ. ಇದು ನನಗೆ ತಿಳಿದದ್ದು ಒಂದು ಕಲ್ಲುಗುಪ್ಪೆಯಿಂದ, ಕೊಳದ ಗೋಡೆಯ ಗೆರೆಯಿಂದ, ಮತ್ತು ಎರಡನೆಯ ಸಲ ಹೋದದ್ದರಿಂದ. ಬೇಸಿಗೆಯ ಒಂದೇ ಪ್ರವಾಸ ಸುಳ್ಳು ಹೇಳುತ್ತದೆ. ಈ ಮಾತನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಸರಿಸಬೇಡಿ.

ಚೆವಾಂಗ್ ನೋರ್ಫೆಲ್ ಅವರನ್ನು ನೆನೆಯಿರಿ. ಲಡಾಖಿನ ಸಿವಿಲ್ ಎಂಜಿನಿಯರ್, 2015ರಲ್ಲಿ ಪದ್ಮಶ್ರೀ ಪಡೆದವರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿದುಹೋಗುವ ನೀರನ್ನು ಹಳ್ಳಿಗೆ ಹತ್ತಿರದ ನೆರಳಿನ ಇಳಿಜಾರಿನಲ್ಲಿ ನಿಧಾನಗೊಳಿಸಿ ಹೆಪ್ಪುಗಟ್ಟಿಸುವ ಕೆಲಸವನ್ನು ಅವರು 1987ರಲ್ಲಿ ಆರಂಭಿಸಿದರು. ತಗ್ಗಿನಲ್ಲಿರುವ ಮಂಜು ಬೇಗ ಕರಗುತ್ತದೆ, ಸರಿಯಾಗಿ ಬಿತ್ತನೆಯ ಹೊತ್ತಿಗೆ. ಅದರ ಹೊಳಹು ಅವರಿಗೆ ಸಿಕ್ಕಿದ್ದು ಪಾಪ್ಲರ್ ಮರಗಳ ನೆರಳಿನಲ್ಲಿ ಹೆಪ್ಪುಗಟ್ಟಿದ್ದ ಸಣ್ಣ ಝರಿಯನ್ನು ಕಂಡಾಗ. ಚಳಿಗಾಲದಲ್ಲಿ ಅಲ್ಲಿದ್ದವರ ಕಣ್ಣಿಗಷ್ಟೇ ಬೀಳುವ ನೋಟ ಅದು. ಮುಂದೆ ಲಡಾಖಿನವರೇ ಆದ ಎಂಜಿನಿಯರ್ ಸೋನಂ ವಾಂಗ್‌ಚುಕ್ ಅದೇ ದಾರಿಯಲ್ಲಿ ನೀರನ್ನು ಕೊಳವೆಯಿಂದ ಮೇಲಕ್ಕೆ ಚಿಮ್ಮಿಸಿ ಶಂಕುವಿನಾಕಾರದ ಹಿಮಸ್ತೂಪ ಕಟ್ಟಿದರು. ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾದ್ದರಿಂದ ಅದು ಹೆಚ್ಚು ದಿನ ಉಳಿಯುತ್ತದೆ. ಪತ್ರಿಕೆಗಳಲ್ಲಿ ಚಿತ್ರ ನೋಡಿದ್ದೀರಿ. ಆದರೆ ಹೆಪ್ಪುಗಟ್ಟಿದ ಕೊಳವೆಯನ್ನು ನಡುರಾತ್ರಿಯ ಚಳಿಯಲ್ಲಿ ಬಿಡಿಸುವವರು ಯಾರು? ಕರಗಿದ ನೀರು ಮೊದಲು ಯಾರ ಹೊಲಕ್ಕೆ? ಇದಕ್ಕೆ ಉತ್ತರ ನೀರುಗಂಟಿಯ ಬಳಿ ಇದೆ. ಹವಾಮಾನಕ್ಕೊಂದು ಅಧ್ಯಾಯ, ಸಂಸ್ಕೃತಿಗೊಂದು ಅಧ್ಯಾಯ ಎಂದು ನೀವು ವರದಿಯನ್ನು ವಿಂಗಡಿಸಿದ್ದೀರಲ್ಲ, ದಯವಿಟ್ಟು ಎರಡನ್ನೂ ಒಟ್ಟಿಗೆ ಹೊಲಿಯಿರಿ.

ಮನೆಯ ಮಾಡನ್ನೂ, ಅಂದರೆ ಚಾವಣಿಯನ್ನೂ, ನೋಡಿ. ಪಾಪ್ಲರ್ ತೊಲೆ, ಮೇಲೆ ವಿಲ್ಲೋ ಕಡ್ಡಿಗಳು, ಅದರ ಮೇಲೆ ತಟ್ಟಿದ ಮಣ್ಣು, ಎಲ್ಲ ಮಟ್ಟಸ. ಇಲ್ಲಿ ಮಳೆ ಬರುವುದಿಲ್ಲ ಎಂದು ತಲೆಮಾರುಗಳು ಕೊಟ್ಟ ಹೇಳಿಕೆ ಆ ಮಾಡು. 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತ ಮೇಘಸ್ಫೋಟವಾಗಿ ಕೆಸರು ನುಗ್ಗಿದಾಗ 200ಕ್ಕೂ ಹೆಚ್ಚು ಜನ ಸತ್ತರು. ಆ ಒಂದು ರಾತ್ರಿಯನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲು ಅವಸರ ಬೇಡ. ಮಾಡಿಗೆ ಈಗ ಎಷ್ಟು ವರ್ಷಕ್ಕೊಮ್ಮೆ ಮಣ್ಣು ಹಾಕುತ್ತೀರಿ, ಮೊದಲು ಎಷ್ಟು ವರ್ಷಕ್ಕೊಮ್ಮೆ ಹಾಕುತ್ತಿದ್ದಿರಿ ಎಂದು ಕೇಳಿ. ಆ ಉತ್ತರ ಕೂಡ ಒಂದು ಮಳೆಮಾಪಕ.

ಸ್ವಿಟ್ಜರ್‌ಲೆಂಡಿನ ಒಂದು ಸಂಗತಿ ಹೇಳದೆ ನಾನು ವೇದಿಕೆಯಿಂದ ಇಳಿಯಲಾರೆ. ಆಲ್ಪ್ಸ್‌ನ ಅತಿ ಉದ್ದದ ಹಿಮನದಿ ಅಲೆಚ್. ಅದರ ಬಳಿಯ ಫೀಶ್ ಮತ್ತು ಫೀಶರ್‌ಟಾಲ್ ಹಳ್ಳಿಗರು 1678ರಲ್ಲಿ ಒಂದು ಹರಕೆ ಹೊತ್ತರು: ಹಿಮನದಿ ಬೆಳೆಯದಿರಲಿ, ಅದರ ನೆರೆ ನಮ್ಮನ್ನು ಕೊಚ್ಚದಿರಲಿ. ಮುನ್ನೂರು ವರ್ಷಕ್ಕೂ ಮಿಕ್ಕಿ ಆ ಪ್ರಾರ್ಥನೆ ನಡೆಯಿತು. ಆ ನಡುವೆಯೇ ಹಿಮನದಿ ಸೊರಗುತ್ತ ಹೋಯಿತು. ಹಳ್ಳಿಗರು ಗಾಬರಿಯಾಗಿ ಹರಕೆಯನ್ನೇ ತಿರುಗಿಸಲು ಪೋಪ್ ಅವರ ಅನುಮತಿ ಬೇಡಿದರು. 2010ರಲ್ಲಿ ವ್ಯಾಟಿಕನ್ ಒಪ್ಪಿತು. ಈಗ ಅವರು ಹಿಮನದಿ ಕರಗದಿರಲಿ ಎಂದು ಬೇಡುತ್ತಾರೆ. ಒಂದು ಹಳ್ಳಿ ತನ್ನ ದೇವರೊಡನೆ ಮಾಡಿಕೊಂಡ ಒಪ್ಪಂದವನ್ನು ತಿದ್ದಿಸಿಕೊಳ್ಳುವುದೆಂದರೆ ಎಂಥ ಮಾತು! ಯಾವ ಪ್ರಶ್ನಾವಳಿಯ 'ಹೌದು' ಇದಕ್ಕೆ ಸಮವಾದೀತು?

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ಉಳಿದದ್ದನ್ನು ಓಡಿಸುತ್ತೇನೆ. ಲಡಾಖಿನ ಪಕ್ಕದ ಬಾಲ್ಟಿಸ್ತಾನದವರು ಗಂಡು ಹಿಮ, ಹೆಣ್ಣು ಹಿಮ ಎಂದು ಗುರುತಿಸಿ, ಬೆನ್ನಮೇಲೆ ಹೊತ್ತುತಂದು ಒಂದೆಡೆ ಹುದುಗಿಸಿ ಹೊಸ ಹಿಮನದಿ ಹುಟ್ಟಿಸುವ ಪದ್ಧತಿಯ ಬಗ್ಗೆ ಹೇಳಬೇಕಿತ್ತು. ಉತ್ತರಾಖಂಡದ ರೈಣಿಯ ಬಗ್ಗೆಯೂ. 1974ರಲ್ಲಿ ಚಿಪ್ಕೊ ಚಳವಳಿಯ ಗೌರಾದೇವಿ ಮತ್ತು ಸಂಗಡಿಗರು ಮರಗಳನ್ನು ಉಳಿಸಿದ ಆ ಹಳ್ಳಿಯ ಬುಡಕ್ಕೇ 2021ರ ಫೆಬ್ರವರಿ 7ರಂದು ಋಷಿಗಂಗೆಯ ಪ್ರವಾಹ ಬಂತು. ಅದಕ್ಕೇ ಒಂದು ಪ್ರತ್ಯೇಕ ದಿನ ಬೇಕು.

ಒಂದು ಕೋರಿಕೆ ಮಾತ್ರ. ಮೂರನೆಯ ಪ್ರಶ್ನೆಯನ್ನು ಹೊಡೆದುಹಾಕಿ, 'ಈ ವರ್ಷ ನೀರುಗಂಟಿ ಯಾರು? ಮುಂದಿನ ವರ್ಷ ಯಾರು?' ಎಂದು ಬರೆದುಕೊಳ್ಳಿ. ಎರಡನೆಯದಕ್ಕೆ ಕೆಲವು ಮನೆಗಳಲ್ಲಿ ಮೌನ ಸಿಗುತ್ತದೆ. ಮಗ ಲೇಹ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿರುತ್ತಾನೆ. ಆ ಮೌನವನ್ನೂ ಬರೆದುಕೊಳ್ಳಿ. ಕೊಳ ಕಂಡರೆ ಗೋಡೆಯ ಗೆರೆಯನ್ನು ಟೇಪು ಹಿಡಿದು ಅಳೆಯಿರಿ. ನೀವು ಹೋದಾಗ ನೀರು ತುಂಬಿರುತ್ತದೆ, ಮೋಸಹೋಗಬೇಡಿ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೋಗಿ. ರಜೆ ಸಿಗದಿದ್ದರೆ ನನ್ನ ಬಳಿ ಬನ್ನಿ, ವಿಭಾಗದ ಮುಖ್ಯಸ್ಥರಿಗೆ ಪತ್ರ ನಾನೇ ಬರೆದುಕೊಡುತ್ತೇನೆ.