ಐವಿಎಫ್‌ನ್ಯಾಗ ಎಗ್ ತಗದ ಮ್ಯಾಲ ಉಳಿದ ನೀರು ಏನಾಗತೈತಿ?

ನಮಸ್ಕಾರ್ರೀ, ಹುಬ್ಬಳ್ಳಿಯಿಂದ ಮತ್ತ ಬಂದೇನಿ. ಗದಗಿನ ಅಕ್ಕಾರೊಬ್ಬರು ಕೇಳ್ಯಾರ, "ತಮ್ಮಾ, ಐವಿಎಫ್ ಮಾಡೂಮುಂದ ಎಗ್ ಜೋಡಿ ನೀರೂ ಎಳಕೋತಾರಲ್ಲ, ಎಗ್ ಲ್ಯಾಬಿಗೆ ಹೋತು, ನೀರಿಗೇನ್ ಮಾಡತಾರ?" ಸಣ್ಣ ಉತ್ತರ ಅಂದ್ರ, ಚೆಲ್ಲತಾರ. ಆದ್ರ ಕೆಲವು ಕಡೆ ಚೆಲ್ಲಂಗಿಲ್ರಿ, ಅದರಾಗಿನ ಮೈಕ್ರೋಆರ್‌ಎನ್‌ಎ ಅನ್ನೂ ಸಣ್ಣ ತುಂಡು ಹುಡುಕಾಕ ಸಂಶೋಧನೆಗೆ ಇಟ್ಕೋತಾರ, ಅಲ್ಲೇ ಐತಿ ಮಜಾ.

ಬೇಸಿಕ್ ಜಲ್ದಿ ಮುಗಸ್ತೀನಿ. ಐವಿಎಫ್ ಅಂದ್ರ ಹೆಣ್ಣಿನ ಎಗ್, ಅಂದ್ರ ಅಂಡಾಣು, ಹೊರಗ ತಗದು ಲ್ಯಾಬಿನ್ಯಾಗ ವೀರ್ಯದ ಜೋಡಿ ಕೂಡಸೂ ಚಿಕಿತ್ಸೆ. ಸ್ಕ್ಯಾನಿಂಗ್‌ನ್ಯಾಗ "18 ಎಂಎಂ ಆಗೇತಿ" ಅಂತ ಅಳೀತಾರಲ್ಲ, ಅದು ಫಾಲಿಕಲ್, ಅಂಡಾಶಯದಾಗ ಎಗ್ ಬೆಳಿಯೂ ಸಣ್ಣ ಚೀಲ. ಹೆಣ್ಣುಕೂಸು ಹುಟ್ಟುವಾಗ ಇವು 10ರಿಂದ 20 ಲಕ್ಷ ಇರ್ತಾವು, ಅದರಾಗ ಎಗ್ ಬಿಡೂವು ಜನ್ಮಕ್ಕ ನಾನೂರು ಐನೂರು ಇದ್ದಾವು, ಉಳದದ್ದು ಹಂಗ ಕರಗಿ ಹೋಗತಾವು. ಒಳಗ ಎಗ್, ಸುತ್ತ ಗ್ರ್ಯಾನುಲೋಸಾ ಕೋಶ, ನೀರು. ಎಗ್ ಎಳಕೊಳ್ಳೂಮುಂದ ಈ ಕೋಶಾನೂ ನೀರಿನ ಜೋಡಿ ಬರ್ತಾವು.

ಇನ್ನ ಮೈಕ್ರೋಆರ್‌ಎನ್‌ಎ. ಬರೇ 22 ಅಕ್ಷರದಷ್ಟು ಉದ್ದದ ಆರ್‌ಎನ್‌ಎ ತುಂಡು, ಇದರಿಂದ ಪ್ರೋಟೀನ್ ಆಗಂಗಿಲ್ಲ, ಬ್ಯಾರೆ ಜೀನಿನ ಮೆಸೆಂಜರ್ ಆರ್‌ಎನ್‌ಎಗೆ (ಪ್ರೋಟೀನ್ ಮಾಡೂ ಸಂದೇಶ ಒಯ್ಯೂ ಕಾಪಿ) ಹೋಗಿ ಹತ್ತಿಕೊಂಡು ಅದರ ಪ್ರೋಟೀನ್ ಕಡಿಮಿ ಮಾಡತೈತಿ. 1993ರಾಗ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕುನ್ ಒಂದು ಮಿಲಿಮೀಟರ್ ಹುಳದಾಗ ಇದನ್ನ ಹಿಡದ್ರು, ಹುಳದ ವಿಷಯ ನಮಗ್ಯಾಕ ಅಂತ ಮಂದಿ ಸುಮ್ಮನಾದ್ರು, 2000ದಾಗ ಮನಷ್ಯಾರಾಗೂ ಅಂಥಾದ್ದು ಸಿಕ್ತು, 2024ಕ್ಕ ನೊಬೆಲ್ ಬಂತು. ಮೂವತ್ತೊಂದು ವರ್ಷ! ನಮ್ಮ ರಸ್ತೆ ಕೆಲಸಾನೂ ಅಷ್ಟು ತಡಾ ಆಗಂಗಿಲ್ಲ, ಇರ್ಲಿ.

ಈಗ ನನಗ ತಲಿ ಕೆಡಿಸಿದ್ದು ಕೇಳ್ರಿ. 2013ರಾಗ ಎಸ್ಟೋನಿಯಾದ ಸಂಶೋಧಕರ ಒಂದು ತಂಡ ಐವಿಎಫ್ ಹೆಣ್ಮಕ್ಕಳ ಗ್ರ್ಯಾನುಲೋಸಾ ಕೋಶದಾಗಿನ ಸಣ್ಣ ಆರ್‌ಎನ್‌ಎ ಎಲ್ಲಾ ಓದಿಸ್ತು, ಆಗ ಎರಡು ಹೊಸಾ ಮೈಕ್ರೋಆರ್‌ಎನ್‌ಎ ಸಿಕ್ವು, ಸಿಕ್ಕ ಜಾಗಾ ನೋಡ್ರಿ, ಒಂದು ಎಫ್‌ಎಸ್‌ಎಚ್ ರಿಸೆಪ್ಟರ್ (ಫಾಲಿಕಲ್ ಬೆಳಸೂ ಹಾರ್ಮೋನಿನ ಮಾತು ಕೇಳೂ ಕೋಶದ ಕಿವಿ) ಜೀನಿನ ಒಳಗ, ಇನ್ನೊಂದು ಅರೋಮಟೇಸ್ (ಈಸ್ಟ್ರೋಜನ್ ಹಾರ್ಮೋನ್ ಮಾಡೂ ಕಿಣ್ವ) ಜೀನಿನ ಒಳಗ! ಟ್ರೀಟ್‌ಮೆಂಟ್ ತಗೊಂಡವರಿಗೆ ಎರಡೂ ಪರಿಚಯದ ಮಾಲು. ಹೊಟ್ಟಿಗೆ ಚುಚ್ಚಿಕೊಳ್ಳೂ ಎಫ್‌ಎಸ್‌ಎಚ್ ಇಂಜೆಕ್ಷನ್ ಕೆಲಸ ಮಾಡೂದು ಆ ರಿಸೆಪ್ಟರ್ ಮ್ಯಾಲೇನ, ಲೆಟ್ರೋಜೋಲ್ ಗುಳಗಿ ತಡಿಯೂದು ಅರೋಮಟೇಸ್‌ನ್ನ.

ಒಳಗ ಅಂದ್ರ ಹೆಂಗ? ಜೀನಿನ ಆರ್‌ಎನ್‌ಎ ಕಾಪಿಯೊಳಗ ಪ್ರೋಟೀನಿಗೆ ಬ್ಯಾಡಾದ ತುಂಡು ಇರ್ತಾವು, ಇಂಟ್ರಾನ್ ಅಂತ, ಕೋಶ ಅವನ್ನ ಕತ್ತರಿಸಿ ತಗದು ಉಳದದ್ದು ಜೋಡಸ್ತೈತಿ. ಈ ಎರಡೂ ಮೈಕ್ರೋಆರ್‌ಎನ್‌ಎ ಇದ್ದದ್ದು ಆ ತಗದು ಒಗ್ಯೂ ತುಂಡಿನ್ಯಾಗ. ನಮ್ಮ ಕಡೆ ಅಜ್ಜಿ ಅಂಗಿ ಹೊಲದು ಉಳದ ಚಿಂದಿ ಒಗಿಯಾಕ ಬಿಡ್ತಾಳೇನು? ಅದರಾಗ ಕೌದಿ ಹೊಲೀತಾಳ. ಇಲ್ಲೂ ಅಂಗಿ ಅಂದ್ರ ರಿಸೆಪ್ಟರ್, ಕೌದಿ ಅಂದ್ರ ಮೈಕ್ರೋಆರ್‌ಎನ್‌ಎ, ಒಂದೇ ಬಟ್ಟಿ. ಹಂಗಂದ್ರ ಎಫ್‌ಎಸ್‌ಎಚ್ ಮಾತು ಕೇಳಾಕಂತ ರಿಸೆಪ್ಟರ್ ಜೀನ್ ಓದೂ ಕೋಶದ ಕೈಯಾಗ, ಬ್ಯಾರೆ ಜೀನಿನ ಬಾಯಿ ಮುಚ್ಚಸೂದಕ್ಕ ಬೇಕಾದ ಕಚ್ಚಾ ಮಾಲೂ ಅದೇ ಹೊತ್ತಿಗೆ ಬಂದಿರ್ತೈತಿ. ಇದನ್ನ ನಮ್ಮವ್ವಗ ಹೇಳಿದ್ರ "ಇದರಾಗೇನ್ ಹೊಸಾದು, ನಾವು ಹಿಂದಕಿಂದ ಮಾಡಿಲ್ಲೇನು" ಅಂದ್ಲು.

ಟೈಮ್ ಆತು, ಉಳದದ್ದು ಒಂದೇ ಉಸರಿನ್ಯಾಗ. ಫಾಲಿಕಲ್ ನೀರಿನಾಗೂ ಸಣ್ಣ ಗುಳ್ಳೆಯೊಳಗ ಮೈಕ್ರೋಆರ್‌ಎನ್‌ಎ ತೇಲ್ತಿರ್ತಾವು. ಇಲಿಯ ಎಗ್ ಮಾತ್ರ ಇವಿಲ್ಲದೇನೂ ಬಲೀತೈತಿ, ಅಂದ್ರ ಸುತ್ತಲಿನ ಕೋಶಕ್ಕ ಬೇಕಾದ್ದು ಎಗ್ಗಿಗೇ ಅಷ್ಟು ಬ್ಯಾಡ! ಇನ್ನ ಈ ನೀರು ನೋಡಿ ಎಗ್ ಚಲೋ ಐತಿಲ್ಲೋ ಹೇಳಬಹುದೇನು ಅಂತ ಭಾಳ ಮಂದಿ ಹುಡುಕ್ಯಾರ, ಒಂದು ಲ್ಯಾಬಿನ ಉತ್ತರ ಇನ್ನೊಂದಕ್ಕ ಕೂಡವಲ್ದು, ಹಿಂಗಾಗಿ ಯಾರರೆ ಪ್ಯಾಕೇಜಿನ್ಯಾಗ ಈ ಟೆಸ್ಟ್ ಸೇರಿಸಿ ರೊಕ್ಕ ಕೇಳಿದ್ರ, ಯಾಕ ಬೇಕು ಅಂತ ಮೊದಲ ಕೇಳ್ರಿ. ಮತ್ತ ಅಕ್ಕಾರ, ನಿಮ್ಮ ನೀರು, ಕೋಶ ಸಂಶೋಧನೆಗೆ ತಗೋಬೇಕಂದ್ರ ನಿಮ್ಮ ಒಪ್ಪಿಗಿ ಬೇಕು, ಸಹಿ ಮಾಡೂ ಫಾರ್ಮಿನ್ಯಾಗ ಆ ಸಾಲು ಐತೇನು, ಹುಡುಕಿ ನೋಡ್ರಿ.